ಸಾಲದ ಕಾಲ, ರಾಶಿಯ ಕಾಲ

ಆಳಂದ, ಅಫಜಲಪುರ, ಜೇವರ್ಗಿ ಎಂಬ ಕಲಬುರಗಿ ಜಿಲ್ಲೆಯ ಮೂರು ತಾಲ್ಲೂಕುಗಳಲ್ಲಿ, ಮಳೆಯನ್ನೇ ನಂಬಿ ಒಕ್ಕಲುತನ ಮಾಡುವ ಮನೆಗೆ ಹಣ ಬರುವ ಕಾಲ ವರ್ಷಕ್ಕೆ ಒಂದೇ. ಹಣ ಹೋಗುವ ಕಾಲಗಳು ಮಾತ್ರ ಹಲವು. ಕಾರಹುಣ್ಣಿಮೆಯ ಆಚೀಚೆ ಭೂಮಿ ಹದವಾದೊಡನೆ ಬೀಜ, ಗೊಬ್ಬರ, ಟ್ರ್ಯಾಕ್ಟರಿನ ಬಾಡಿಗೆಗಳೆಂದು ವೆಚ್ಚವು ಆರಂಭವಾಗಿ, ನಡುವೆ ಕಳೆ ತೆಗೆಯುವ ಕೂಲಿ, ಹುಳುವಿನ ಔಷಧ, ಮಕ್ಕಳ ಶಾಲೆ, ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳ ಸೀರೆ ಕುಪ್ಪಸ, ದಸರೆ, ದೀಪಾವಳಿ ಎಂದು ಮುಂದುವರಿದು, ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಬಂದ ಮೇಲೆ, ತೊಗರಿಯ ರಾಶಿಯಾಗಿ ಚೀಲಗಳು ಕಲಬುರಗಿಯ ಗಂಜ್ ಮಾರುಕಟ್ಟೆಯನ್ನು ಸೇರುವವರೆಗೆ, ಆ ಮನೆಯ ಕೈಗೆ ಹೇಳಿಕೊಳ್ಳತಕ್ಕಷ್ಟು ರೊಕ್ಕವು ಬರುವುದಿಲ್ಲ. ವೆಚ್ಚವು ಹನ್ನೆರಡು ತಿಂಗಳೂ ಹರಿದು, ಆದಾಯವು ಒಂದೇ ಋತುವಿನಲ್ಲಿ ಬರತಕ್ಕ ಇಂಥ ಜೀವನಕ್ರಮದಲ್ಲಿ ಸಾಲವು ದುರಾಚಾರವೂ ಅಲ್ಲ, ದೌರ್ಬಲ್ಯವೂ ಅಲ್ಲ. ಕೂರಿಗೆ ಕುಂಟೆಗಳಂತೆ ಅದೂ ಒಕ್ಕಲುತನದ ಒಂದು ಉಪಕರಣ.

ಆದುದರಿಂದ ಸಾಲವನ್ನೇ ಮಾಡಬೇಡಿರೆಂದು ರೈತನಿಗೆ ಉಪದೇಶಿಸುವವರ ಮಾತಿನಲ್ಲಿ ನನಗೆ ಹೆಚ್ಚಿನ ಪ್ರಯೋಜನ ಕಾಣುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಸಾಲವನ್ನು ತೀರಿಸತಕ್ಕ ಹಣವು ಯಾವ ತಿಂಗಳಲ್ಲಿ, ಯಾವ ಮೂಲದಿಂದ ಬರುವುದೋ, ಆ ತಿಂಗಳಿಗೂ ಆ ಮೂಲಕ್ಕೂ ಸಾಲದ ಕಂತು ಹೊಂದಿಕೊಂಡಿರುವುದೇ? ಈ ಪ್ರಾಂತದ ಮನೆಗಳನ್ನು ಇಂದು ಪೀಡಿಸುತ್ತಿರುವ ಋಣಸಂಕಟಕ್ಕೆ ಬಡ್ಡಿಯ ದರವು ಒಂದು ಕಾರಣವೆಂಬುದು ನಿಜವೇ. ಆದರೆ ಅದಕ್ಕಿಂತ ಆಳವಾದ ಕಾರಣ ಸಾಲದ ಕಾಲಕ್ಕೂ ರಾಶಿಯ ಕಾಲಕ್ಕೂ ನಡುವೆ ಉಂಟಾಗಿರುವ ವಿಚ್ಛೇದವೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಿಂದಿನ ತಲೆಮಾರಿನವರು ಊರ ಸಾವ್ಕಾರನಲ್ಲಿ ಹಣ ತರುವಾಗ "ರಾಶಿಗೆ ಕೊಡ್ತೀನ್ರಿ" ಎಂದು ಹೇಳಿ ತರುತ್ತಿದ್ದರು. ಆ ಸಾವ್ಕಾರನ ಬಡ್ಡಿ ಕ್ರೂರವಾಗಿತ್ತು, ಅವನ ಲೆಕ್ಕದ ಪುಸ್ತಕ ಅವನಿಗೊಬ್ಬನಿಗೇ ತಿಳಿಯುವಂಥದಾಗಿತ್ತು, ಅವನಿಗೆ ಹೊಲವನ್ನು ಒತ್ತೆಯಿಟ್ಟು ಮರಳಿ ಬಿಡಿಸಿಕೊಳ್ಳಲಾರದೆ ಹೋದ ಕುಟುಂಬಗಳು ಪ್ರತಿಯೊಂದು ಊರಿನಲ್ಲಿಯೂ ಇದ್ದುವು. ಅವನನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆದರೂ ಹೊಲದಲ್ಲಿ ತೊಗರಿ ಹೂ ಬಿಡುತ್ತಿರುವಾಗ ಕಂತು ಕೊಡೆಂದು ಬಾಗಿಲಿಗೆ ಬರುವುದು ನಿರರ್ಥಕವೆಂಬಷ್ಟು ಕೃಷಿಜ್ಞಾನ ಅವನಿಗಿತ್ತು. ಇಂದು ಊರೂರಿಗೆ ಬಂದಿರುವ ಸಾಲದ ವ್ಯವಸ್ಥೆಗೆ ಆ ಜ್ಞಾನವು ಇಲ್ಲವಾಗಿದೆ.

ಒಂದು ಲೆಕ್ಕವನ್ನು ನೋಡೋಣ. ಜೂನ್ ತಿಂಗಳಲ್ಲಿ ಬಿತ್ತನೆಗೆಂದು ಒಬ್ಬ ಗೃಹಿಣಿಯು ಕಿರುಸಾಲ ಸಂಸ್ಥೆಯೊಂದರಿಂದ 50,000 ರೂಪಾಯಿಗಳನ್ನು, ಉಳಿದ ಅಸಲಿನ ಮೇಲೆ ವರ್ಷಕ್ಕೆ ನೂರಕ್ಕೆ 24ರ ಬಡ್ಡಿಯಂತೆ, ಎರಡು ವರ್ಷಗಳ ವಾರದ ಕಂತಿನ ಮೇಲೆ ಪಡೆದಳೆನ್ನೋಣ. ವಾರದ ಕಂತು ಸುಮಾರು 600 ರೂಪಾಯಿಗಳಾಗುತ್ತದೆ. ಡಿಸೆಂಬರಿನ ಕೊನೆಯಲ್ಲಿ ರಾಶಿಯಾಗುವುದಕ್ಕೆ ಮುಂಚೆ ಇಪ್ಪತ್ತೆಂಟು ವಾರಗಳು ಕಳೆಯುತ್ತವೆ. ಅಷ್ಟರಲ್ಲಿ ಆಕೆಯು 17,000 ರೂಪಾಯಿಗಳ ಸಮೀಪದ ಮೊತ್ತವನ್ನು ಕಟ್ಟಿರತಕ್ಕದ್ದು. ಯಾವ ತೊಗರಿಗಾಗಿ ಸಾಲ ತೆಗೆದಳೋ ಆ ತೊಗರಿ ಇನ್ನೂ ಕಾಯಿ ಕಟ್ಟುತ್ತಿರುವಾಗ ಈ ಹಣ ಎಲ್ಲಿಂದ ಬರಬೇಕು? ಮಳೆ ಹಿಡಿದ ವಾರಗಳಲ್ಲಿ ಕೂಲಿಯಿಲ್ಲ. ಆಗ ಎರಡನೆಯ ಸಂಸ್ಥೆಯ ಸಾಲದಿಂದ ಮೊದಲನೆಯದರ ಕಂತು, ಮೂರನೆಯದರಿಂದ ಎರಡನೆಯದರ ಕಂತು ಎಂಬ ಸರಪಳಿ ಬೆಳೆಯುತ್ತದೆ. ರಾಶಿಯ ದಿನ ಬಂದಾಗ ಬೆಳೆಯ ಹಣವೆಲ್ಲ ಈ ಸರಪಳಿಯಲ್ಲಿಯೇ ಕರಗಿ, ಮುಂದಿನ ಬಿತ್ತನೆಗೆ ಮತ್ತೆ ಸಾಲವೇ ಗತಿಯಾಗುತ್ತದೆ. ಅದೂ ಸಾಲದೆ ಹೋದರೆ ಮನೆಗೆ ಬೀಗ ಹಾಕಿ, ಮಕ್ಕಳನ್ನು ಶಾಲೆಯಿಂದ ಬಿಡಿಸಿ, ಪುಣೆಗೋ ಮುಂಬಯಿಗೋ ಬೆಂಗಳೂರಿಗೋ ಗುಳೆ ಹೊರಡುವುದು. ಈ ಗುಳೆಗೆ ಬರಗಾಲವೊಂದೇ ಕಾರಣವೆಂದು ಬರೆಯುವವರು ವಾರದ ಕಂತಿನ ಚೀಟಿಯನ್ನೂ ಒಮ್ಮೆ ತೆರೆದು ನೋಡಬೇಕು.

ಈ ಮೂರು ತಾಲ್ಲೂಕುಗಳ ಜೀವನವೂ ಒಂದೇ ಅಚ್ಚಿನದಲ್ಲ. ಭೀಮಾ ಅಮರ್ಜಾ ನದಿಗಳ ಸಂಗಮದ ಬಳಿ ಇರುವ ದೇವಲ ಗಾಣಗಾಪುರದಲ್ಲಿ ದತ್ತಾತ್ರೇಯನ ದರ್ಶನಕ್ಕೆ ಮಹಾರಾಷ್ಟ್ರದಿಂದಲೂ ನಮ್ಮ ಜಿಲ್ಲೆಗಳಿಂದಲೂ ಜನರು ನಿತ್ಯವೂ ಬರುತ್ತಾರೆ. ಅಲ್ಲಿ ಹೂವು ಕಾಯಿ ಮಾರುವವನಿಗೆ ದಿನದ ಆದಾಯವುಂಟು, ಆದುದರಿಂದ ವಾರದ ಕಂತು ಅವನಿಗೆ ಭಾರವಲ್ಲ, ಒಂದು ಬಗೆಯ ಅನುಕೂಲವೇ. ಅದೇ ಅಫಜಲಪುರ ತಾಲ್ಲೂಕಿನಲ್ಲಿ ಭೀಮೆಯ ದಂಡೆಯ ಕಬ್ಬಿನ ಬೆಳೆಗಾರನಿಗೆ ಹಣವು ವರ್ಷಕ್ಕೊಮ್ಮೆ, ಅದೂ ಕಾರ್ಖಾನೆಯು ಕೊಟ್ಟಾಗ, ಬರತಕ್ಕದ್ದು. ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಬೆಲೆಯನ್ನು ಕೊಡಬೇಕೆಂದೂ, ತಡವಾದರೆ ವರ್ಷಕ್ಕೆ ನೂರಕ್ಕೆ 15ರ ಬಡ್ಡಿಯನ್ನು ಸೇರಿಸಬೇಕೆಂದೂ 1966ರ ಕಬ್ಬು ನಿಯಂತ್ರಣ ಆದೇಶವು ವಿಧಿಸಿದೆ. ರೈತನು ತಾನು ತೆರುವ ಬಡ್ಡಿಯನ್ನು ತಪ್ಪದೆ ತೆತ್ತು, ತನಗೆ ಬರಬೇಕಾದ ಬಡ್ಡಿಯನ್ನು ಕೇಳುವುದೇ ಇಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ಶಾಖೆಯು ಹರಿಯುವ ಜೇವರ್ಗಿಯ ಹೊಲಗಳಲ್ಲಿ ಹತ್ತಿಯನ್ನು ಹಲವು ಸಲ ಬಿಡಿಸುವುದರಿಂದ ಹಣವೂ ಹಲವು ಸಲ ಬರುತ್ತದೆ. ಆಳಂದದ ಬೆದ್ದಲು ಭೂಮಿಗೆ ಮಾತ್ರ ತೊಗರಿಯೇ ಪ್ರಧಾನವಾದ ಆಶ್ರಯ. ಇವರೆಲ್ಲರಿಗೂ ಒಂದೇ ನಮೂನೆಯ ವಾರದ ಕಂತನ್ನು ವಿಧಿಸುವ ಸಂಸ್ಥೆಯು ಸಾಲಗಾರನ ಜೀವನವನ್ನು ನೋಡಿಲ್ಲ. ತನ್ನ ಸಿಬ್ಬಂದಿಯ ಅನುಕೂಲವನ್ನು ಮಾತ್ರ ನೋಡಿದೆ.

ಬಡ್ಡಿಯ ವಿಷಯವನ್ನೂ ಬಿಡುವಂತಿಲ್ಲ. ನೂರಕ್ಕೆ ಮೂರೆಂಬುದು ಕಿವಿಗೆ ಅಲ್ಪವಾಗಿ ಕೇಳಿಸುತ್ತದೆ. ಅದು ತಿಂಗಳಿನ ದರವಾದುದರಿಂದ ವರ್ಷಕ್ಕೆ ನೂರಕ್ಕೆ 36 ಆಗುತ್ತದೆ. ಒಂದು ಲಕ್ಷ ರೂಪಾಯಿಗಳನ್ನು ಬಿತ್ತನೆಯಿಂದ ರಾಶಿಯ ಹಣ ಕೈಸೇರುವವರೆಗೆ, ಎಂಟು ತಿಂಗಳು, ಈ ದರದಲ್ಲಿ ಇಟ್ಟುಕೊಂಡವನು 24,000 ರೂಪಾಯಿಗಳ ಬಡ್ಡಿಯನ್ನು ತೆರುತ್ತಾನೆ. ಅದೇ ಮೊತ್ತವನ್ನು ಕಿಸಾನ್ ಕ್ರೆಡಿಟ್ ಕಾರ್ಡಿನ ಮೂಲಕ ಪಡೆದು ಸಕಾಲಕ್ಕೆ ತೀರಿಸಿದವನಿಗೆ, ಸರ್ಕಾರದ ರಿಯಾಯಿತಿಗಳೆಲ್ಲ ಸೇರಿ ವರ್ಷಕ್ಕೆ ನೂರಕ್ಕೆ 4 ಬೀಳುವುದರಿಂದ, ಬಡ್ಡಿ 2,700 ರೂಪಾಯಿಗಳನ್ನು ಮೀರುವುದಿಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿಯಾದರೆ ಸಕಾಲಕ್ಕೆ ತೀರಿಸುವವನಿಗೆ ಬಡ್ಡಿಯೇ ಇಲ್ಲ; 2023ರಲ್ಲಿ ರಾಜ್ಯ ಸರ್ಕಾರವು ಆ ಸಾಲದ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿತು. ಇನ್ನು ಪೇಟೆಯ ಅಂಗಡಿಗಳವರು ಪಡೆಯುವ ದಿನದ ಸಾಲವನ್ನು ನೋಡಿರಿ: ಹತ್ತು ಸಾವಿರವೆಂದು ಬರೆದು ಮುಂಗಡ ಕಳೆದು ಒಂಬತ್ತು ಸಾವಿರವನ್ನು ಕೈಗಿತ್ತು, ದಿನಕ್ಕೆ ನೂರರಂತೆ ನೂರು ದಿನ ವಸೂಲು ಮಾಡುತ್ತಾರೆ. ಸಾವಿರ ರೂಪಾಯಿ ಹೆಚ್ಚೇನಲ್ಲವೆಂದು ತೋರುತ್ತದೆ. ಆದರೆ ಮೊದಲ ದಿನದಿಂದಲೇ ಅಸಲು ಮರಳುತ್ತಿರುವುದರಿಂದ ಸಾಲಗಾರನ ಬಳಿ ಸರಾಸರಿಯಾಗಿ ಉಳಿಯುವುದು ನಾಲ್ಕೂವರೆ ಸಾವಿರವಷ್ಟೆ. ಲೆಕ್ಕ ಹಾಕಿದರೆ ಬಡ್ಡಿಯು ವರ್ಷಕ್ಕೆ ನೂರಕ್ಕೆ 80ರ ಆಸುಪಾಸಿಗೆ ಬರುತ್ತದೆ. ಯಾವ ಸಾಲವನ್ನೇ ಆಗಲಿ ಪಡೆಯುವ ಮುನ್ನ "ವರ್ಷಕ್ಕೆ ನೂರಕ್ಕೆ ಎಷ್ಟು?" ಎಂದು ಕೇಳುವುದನ್ನು ನಮ್ಮ ಮಕ್ಕಳಿಗೆ ಮಗ್ಗಿಯೊಡನೆಯೇ ಕಲಿಸಬೇಕಾಗಿದೆ.

ಅಗ್ಗದ ಸಾಲ ಇರುವಾಗ ಜನರು ದುಬಾರಿಯ ಸಾಲಕ್ಕೆ ಏಕೆ ಹೋಗುತ್ತಾರೆಂಬುದಕ್ಕೆ ದೀರ್ಘವಾದ ಚರಿತ್ರೆಯಿದೆ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿ ನಾಡಿಗೆ ಮೇಲ್ಪಂಕ್ತಿಯಾದರು. ಅದು ಮುಂಬಯಿ ಪ್ರಾಂತದ ಮಾತು. ನಮ್ಮ ಈ ಸೀಮೆ 1948ರವರೆಗೆ ನಿಜಾಮರ ಆಡಳಿತದಲ್ಲಿದ್ದು, 1956ರಲ್ಲಿ ಕನ್ನಡ ರಾಜ್ಯವನ್ನು ಸೇರಿತು. ಆ ನಡುವೆ, 1951–52ರಲ್ಲಿ, ರಿಸರ್ವ್ ಬ್ಯಾಂಕು ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯು ದೇಶದ ರೈತನು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ 3.1 ಮಾತ್ರವೆಂದೂ, ಲೇವಾದೇವಿಗಾರರ ಪಾಲು ನೂರಕ್ಕೆ 70ರ ಸಮೀಪವೆಂದೂ ತೋರಿಸಿಕೊಟ್ಟಿತು. ಅಂದಿನಿಂದ ಬ್ಯಾಂಕುಗಳೂ ಗ್ರಾಮೀಣ ಬ್ಯಾಂಕುಗಳೂ ತಾಲ್ಲೂಕಿನ ಪೇಟೆಗಳಿಗೆ ಬಂದುವು. ಆದರೆ ಅವುಗಳ ಬಾಗಿಲು ಪಹಣಿಯಲ್ಲಿ ಹೆಸರಿದ್ದವನಿಗೆ ತೆರೆಯುವಷ್ಟು ಸುಲಭವಾಗಿ, ಲಾವಣಿಗೆ ಹೊಲ ಹಿಡಿದು ಉಳುವವನಿಗೂ, ಗಂಡನ ಹೆಸರಿನ ಹೊಲದಲ್ಲಿ ದುಡಿಯುವ ಹೆಣ್ಣಿಗೂ ತೆರೆಯಲಿಲ್ಲ. ಬಾಗಿಲಿಗೇ ಬಂದು, ಜಮೀನಿನ ಕಾಗದ ಕೇಳದೆ, ಐದಾರು ಹೆಂಗಸರ ಪರಸ್ಪರ ಹೊಣೆಯ ಮೇಲೆ ಹಣ ಕೊಡುವವರು ಬಂದಾಗ ಅವರನ್ನು ಜನರು ಸ್ವಾಗತಿಸಿದುದರಲ್ಲಿ ಆಶ್ಚರ್ಯವಿಲ್ಲ, ತಪ್ಪೂ ಇಲ್ಲ.

ಸಾಲದ ವ್ಯವಹಾರವನ್ನು ಶಾಸ್ತ್ರೀಯವಾಗಿ ಚಿಂತಿಸಿದ ಮಹಾಪುರುಷನೊಬ್ಬನು ಇದೇ ನೆಲದವನೆಂಬುದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ಕಲಬುರಗಿ ಜಿಲ್ಲೆಯ ಮರತೂರಿನವನೆಂದು ಪ್ರಸಿದ್ಧನಾದ ವಿಜ್ಞಾನೇಶ್ವರನು, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ದಾಯವಿಭಾಗದ ಕಾರಣದಿಂದ ಆ ಗ್ರಂಥವು ನ್ಯಾಯಾಲಯಗಳಲ್ಲಿ ಇಂದಿಗೂ ಪರಿಚಿತ. ಅದರ ಋಣಾದಾನ ಪ್ರಕರಣವನ್ನು ಓದುವವರು ವಿರಳ. ಅಲ್ಲಿ ವಿವೇಚಿತವಾಗಿರುವ ವಿಧಿಗಳನ್ನು ಇಂದಿನ ಸಾಲಗಾರನ ದೃಷ್ಟಿಯಿಂದ ನೋಡಿದರೆ ಅವುಗಳ ಹೊಸತನವು ಬೆರಗುಗೊಳಿಸುತ್ತದೆ. ಒತ್ತೆಯಿಟ್ಟು ಪಡೆದ ಸಾಲಕ್ಕೆ ತಿಂಗಳಿಗೆ ಎಂಬತ್ತನೆಯ ಒಂದು ಭಾಗ, ಎಂದರೆ ವರ್ಷಕ್ಕೆ ನೂರಕ್ಕೆ 15, ಬಡ್ಡಿ. ಹಣದ ಸಾಲವು ಬೆಳೆದು ಬೆಳೆದು ಮೂಲಧನದ ಇಮ್ಮಡಿಯನ್ನು ಮೀರಲಾಗದು. ಸಾಲಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿನ, ಉಭಯರ ಹೆಸರು ಇವೆಲ್ಲ ಬರೆದಿರಬೇಕು. ಸಾಲಗಾರನ ಸ್ವಹಸ್ತದ ಒಪ್ಪಿಗೆಯೂ ಸಾಕ್ಷಿಗಳ ಹೆಸರೂ ಅದರಲ್ಲಿರಬೇಕು. ಕಂತನ್ನು ಕೊಟ್ಟಾಗಲೆಲ್ಲ ಅದನ್ನು ಪತ್ರದ ಹಿಂಬದಿಯಲ್ಲಿ ನಮೂದಿಸಬೇಕು, ಇಲ್ಲವೆ ಧನಿಕನು ತನ್ನ ಕೈಗುರುತಿನ ರಸೀತಿಯನ್ನು ಕೊಡಬೇಕು. ಸಾಲವು ಪೂರ್ಣವಾಗಿ ತೀರಿದ ಮೇಲೆ ಆ ಪತ್ರವನ್ನು ಹರಿದುಹಾಕಬೇಕು.

ಒಂಬೈನೂರು ವರ್ಷಗಳ ಹಿಂದಿನ ಈ ವಿಧಿಗಳ ಎದುರಿಗೆ ಇಂದಿನ ನಮ್ಮ ನಡವಳಿಕೆಯನ್ನು ಇಟ್ಟುನೋಡಿರಿ. ಖಾಲಿ ಬಾಂಡ್ ಕಾಗದಕ್ಕೆ ರುಜು ಹಾಕಿಕೊಡುತ್ತೇವೆ. ಮೊತ್ತ ಬರೆಯದ ಚೆಕ್ಕನ್ನು ಒಪ್ಪಿಸುತ್ತೇವೆ. ಅಡತಿ ಅಂಗಡಿಯಲ್ಲಿ ಪಡೆದ ಮುಂಗಡ ಎಷ್ಟು, ಕಟ್ಟಿದ್ದು ಎಷ್ಟು ಎಂಬುದನ್ನು ಅಡತಿಯವನ ಪುಸ್ತಕವೇ ಹೇಳಬೇಕು. ಬ್ಯಾಂಕಿನ ಸಾಲ ತೀರಿ ವರ್ಷಗಳಾದರೂ ಪಹಣಿಯಲ್ಲಿ ಬೋಜಾ ಹಾಗೆಯೇ ಉಳಿದಿರುತ್ತದೆ. ಸಾಲದ ಕಾಗದವು ಸಾಲ ಕೊಟ್ಟವನ ಮನೆಯಲ್ಲಿರುವಂತೆ ಸಾಲ ಪಡೆದವನ ಮನೆಯಲ್ಲಿಯೂ ಇರತಕ್ಕದ್ದು. ಕಂತಿಗೊಂದು ರಸೀತಿ, ತೀರಿದ ಮೇಲೆ ಬೇಬಾಕಿ ಪತ್ರ, ಅದರ ಆಧಾರದ ಮೇಲೆ ಪಹಣಿಯಿಂದ ಬೋಜಾ ತೆಗೆಸುವುದು, ಕೊಟ್ಟಿದ್ದ ಚೆಕ್ಕನ್ನು ಮರಳಿ ಪಡೆದು ಹರಿಯುವುದು: ಇಷ್ಟಾಗುವವರೆಗೆ ಸಾಲವು ತೀರಿತೆಂದು ಭಾವಿಸತಕ್ಕದ್ದಲ್ಲ.

ಈ ಕಾಗದದ ಶಿಸ್ತಿಗೆ ಈಗ ಇನ್ನೊಂದು ಪ್ರಬಲವಾದ ಕಾರಣವೂ ಒದಗಿದೆ. 2005ರ ಕಾಯಿದೆಯ ಅನ್ವಯ ನಾಲ್ಕು ಸಾಲಮಾಹಿತಿ ಸಂಸ್ಥೆಗಳು ದೇಶದ ಪ್ರತಿಯೊಬ್ಬ ಸಾಲಗಾರನ ಚರಿತ್ರೆಯನ್ನೂ ಬರೆದಿಡುತ್ತಿವೆ. ಸಿಬಿಲ್ ಎಂದು ಜನರು ಹೇಳುವುದು ಅವುಗಳಲ್ಲಿ ಒಂದರ ಹೆಸರು. ಅದರ ಅಂಕವು 300ರಿಂದ 900ರವರೆಗೆ ಇರುತ್ತದೆ. ಟ್ರ್ಯಾಕ್ಟರಿನ ಸಾಲದಿಂದ ವಾರದ ಕಂತಿನ ಸಾಲದವರೆಗೆ ಎಲ್ಲವೂ ಈ ದಾಖಲೆಗಳಿಗೆ ಸೇರುತ್ತವೆ. ಸ್ನೇಹಿತನ ಸಾಲಕ್ಕೆ ದಾಕ್ಷಿಣ್ಯದಿಂದ ಜಾಮೀನು ನಿಂತವನ ಹೆಸರೂ ಅದರಲ್ಲಿರುತ್ತದೆ. ಸ್ನೇಹಿತನು ಕಟ್ಟದಿದ್ದರೆ ಕಳಂಕವು ಜಾಮೀನು ನಿಂತವನಿಗೂ ತಟ್ಟುತ್ತದೆ. ನಮ್ಮ ಹಳ್ಳಿಗಳಲ್ಲಿ ಒಬ್ಬಳ ಹೆಸರಿನಲ್ಲಿ ಸಾಲ ತೆಗೆದು ಹಣವನ್ನು ಮತ್ತೊಬ್ಬಳು ಬಳಸುವ ಪದ್ಧತಿ ಬೆಳೆದಿದೆ. "ನನ್ನ ಹೆಸರಿಗೆ ಜಾಸ್ತಿ ಕೊಡೂದಿಲ್ಲಂತ, ನಿನ್ನ ಹೆಸರಿಗೆ ತಗದು ಕೊಡಬೇ ತಂಗಿ, ಕಂತ್ ನಾನೇ ಕಟ್ತೀನಿ" ಎಂದಾಗ ಒಲ್ಲೆನೆನ್ನುವುದು ಒಂದೇ ಓಣಿಯ ಹೆಣ್ಣಿಗೆ ಎಷ್ಟು ಕಷ್ಟವೆಂಬುದನ್ನು ನಾನು ಬಲ್ಲೆ. ಆದರೆ ಅಕ್ಕನ ಕಂತು ತಪ್ಪಿದ ದಿನ ದಾಖಲೆಯಲ್ಲಿ ಕೆಡುವುದು ತಂಗಿಯ ಹೆಸರೇ. ಮಗನನ್ನು ಕಡಗಂಚಿಯ ವಿಶ್ವವಿದ್ಯಾಲಯಕ್ಕೋ ಕಲಬುರಗಿಯ ಕಾಲೇಜಿಗೋ ಕಳಿಸಲು ಆಕೆಯು ಶಿಕ್ಷಣಸಾಲ ಕೇಳಿದಾಗ, ಆ ಹಳೆಯ ಉಪಕಾರವು ಅವಳಿಗೆ ಎದುರಾಗುತ್ತದೆ. ಪ್ರತಿಯೊಂದು ಸಂಸ್ಥೆಯಿಂದಲೂ ವರ್ಷಕ್ಕೊಂದು ಸಾರಿ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು ಎಲ್ಲರಿಗೂ ಇದೆ. ತಪ್ಪು ನಮೂದಿದ್ದರೆ ದೂರು ಕೊಟ್ಟು 30 ದಿನಗಳೊಳಗೆ ತಿದ್ದಿಸಿಕೊಳ್ಳಬಹುದು, ಅದು ಮೀರಿದರೆ ದಿನಕ್ಕೆ 100 ರೂಪಾಯಿಗಳಂತೆ ಪರಿಹಾರ ಸಲ್ಲತಕ್ಕದ್ದು.

ಸಾಲದ ಉದ್ದೇಶದ ವಿಷಯದಲ್ಲಿಯೂ ಮಿತಾಕ್ಷರೆಯ ವಿವೇಕವು ದೊಡ್ಡದು. ಕುಟುಂಬಾರ್ಥವಾಗಿ ಮಾಡಿದ ಸಾಲಕ್ಕೆ ಇಡೀ ಕುಟುಂಬವು ಹೊಣೆ. ಆದರೆ ಮದ್ಯ, ಕಾಮ, ದ್ಯೂತಗಳಿಗಾಗಿ ತಂದೆ ಮಾಡಿದ ಸಾಲವನ್ನು ಮಗನು ತೀರಿಸಬೇಕಾಗಿಲ್ಲ. ಇಂದು ದ್ಯೂತವು ಮೊಬೈಲಿನೊಳಗೇ ಬಂದು, ಅದಕ್ಕೆ ಬೇಕಾದ ಸಾಲವೂ ಅದೇ ಮೊಬೈಲಿನ ಆಪ್‌ನಲ್ಲಿ ನಿಮಿಷದೊಳಗೆ ಸಿಕ್ಕುವಂತಾಗಿರುವುದು ನಮ್ಮ ತರುಣರ ಪಾಲಿಗೆ ಮಹಾವಿಪತ್ತು. ಮದುವೆಯ ಸಾಲವನ್ನು ಆ ಸಾಲಿಗೆ ಸೇರಿಸಲು ಮನಸ್ಸು ಒಪ್ಪುವುದಿಲ್ಲ. ಆದರೂ ಯಾವ ಬೆಳೆಯೂ ತೀರಿಸಲಾರದ ಸಾಲ ಅದೆಂಬುದು ಸತ್ಯ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಜನಿಸಿ ಕಲಬುರಗಿಯಲ್ಲಿ ದಾಸೋಹ ನಡೆಸಿದ ಶರಣಬಸವೇಶ್ವರರನ್ನು ಈ ಸೀಮೆಯವರೆಲ್ಲರೂ ಪೂಜಿಸುವುದು ಅವರು ಉಣಬಡಿಸಿದುದಕ್ಕಾಗಿ, ಮೆರೆದುದಕ್ಕಾಗಿ ಅಲ್ಲ. ಹೊಲ ಒತ್ತೆಯಿಟ್ಟು ಡಿಜೆ ಮೆರವಣಿಗೆ ಮಾಡಿಸುವ ತಂದೆಗೆ ನೆರೆಯವರು ಇದನ್ನು ನೆನಪಿಸಿಕೊಡುವುದು ತಪ್ಪಲ್ಲ.

ಸಾಲಮನ್ನಾದ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ಅಪ್ರಿಯವಾಗಬಹುದು. 2020ರ ಅಕ್ಟೋಬರಿನ ಭೀಮಾ ಪ್ರವಾಹದಂಥ, 2022–23ರಲ್ಲಿ ತೊಗರಿಯನ್ನು ಒಣಗಿಸಿದ ನೆಟೆ ರೋಗದಂಥ ವಿಪತ್ತಿನಲ್ಲಿ ಸರ್ಕಾರವು ರೈತನ ಕೈಹಿಡಿಯುವುದು ಧರ್ಮವೇ. ಆದರೆ ಮನ್ನಾ ಬಂದೀತೆಂದು ಶಕ್ತನಾದವನೂ ಕಂತನ್ನು ನಿಲ್ಲಿಸುವುದರಿಂದ ಅವನ ಶೂನ್ಯಬಡ್ಡಿಯ ಅರ್ಹತೆಯೂ ಹೋಗುತ್ತದೆ, ಹಳ್ಳಿಯ ಸಹಕಾರ ಸಂಘವೂ ಸೊರಗುತ್ತದೆ. ಮತ್ತು ಮನ್ನಾದ ಆದೇಶವು ಸಾವ್ಕಾರನ ಪುಸ್ತಕವನ್ನೂ ವಾರದ ಕಂತಿನ ಚೀಟಿಯನ್ನೂ ಮುಟ್ಟುವುದಿಲ್ಲ. ಇದಕ್ಕಿಂತ ಬೆಳೆ ನಷ್ಟವಾದ ವರ್ಷ ಬೆಳೆಸಾಲವನ್ನು ದೀರ್ಘಾವಧಿಯ ಸಾಲವಾಗಿ ಪರಿವರ್ತಿಸಿಕೊಡುವ ವ್ಯವಸ್ಥೆಯನ್ನು ಬ್ಯಾಂಕಿನಲ್ಲಿ ಕೇಳಿ ಪಡೆಯುವುದು, ಮುಂಗಾರಿನ ಬೆಳೆಗೆ ನೂರಕ್ಕೆ 2ರ ಕಂತಿನಲ್ಲಿ ದೊರೆಯುವ ಫಸಲ್ ಬಿಮೆಯನ್ನು ತಪ್ಪದೆ ಮಾಡಿಸುವುದು, ರಾಶಿಯ ದಿನವೇ ಬಂದ ಬೆಲೆಗೆ ಮಾರದೆ ನೋಂದಾಯಿತ ಉಗ್ರಾಣದಲ್ಲಿ ತೊಗರಿಯನ್ನಿಟ್ಟು ಅದರ ರಸೀತಿಯ ಮೇಲೆ ಸಾಲ ಪಡೆಯುವುದು ಹೆಚ್ಚು ನೆಚ್ಚಬಹುದಾದ ದಾರಿಗಳು.

ಕಿರುಸಾಲದ ವಸೂಲಿಯ ಕಿರುಕುಳದಿಂದ ರಾಜ್ಯದ ಹಲವೆಡೆ ಜೀವಗಳು ಹೋದ ಮೇಲೆ, 2025ರ ಫೆಬ್ರುವರಿಯಲ್ಲಿ ಸರ್ಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿ, ಬಲಾತ್ಕಾರದ ವಸೂಲಿಗೆ ಹತ್ತು ವರ್ಷಗಳವರೆಗಿನ ಸೆರೆಯನ್ನೂ ಐದು ಲಕ್ಷ ರೂಪಾಯಿಗಳವರೆಗಿನ ದಂಡವನ್ನೂ ವಿಧಿಸಿತು. ದಂಡನೆಯು ಅಗತ್ಯವೇ, ಆದರೆ ಅದು ಕಿರುಕುಳಕ್ಕೆ ಔಷಧ, ಕಿರುಕುಳಕ್ಕೆ ಎಡೆಮಾಡಿದ ಕಂತಿನ ಕ್ರಮಕ್ಕಲ್ಲ. 2022ರ ರಿಸರ್ವ್ ಬ್ಯಾಂಕಿನ ನಿಯಮಗಳು ಮನೆಯೊಂದರ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದಿವೆ. ಒಳ್ಳೆಯ ಮಿತಿ ಅದು. ಆದರೆ ವರ್ಷಕ್ಕೊಮ್ಮೆ ಬರುವ ತೊಗರಿಯ ಹಣವನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಆದಾಯವೆಂದು ಬರೆದುಕೊಂಡರೆ, ಆಗಸ್ಟ್ ತಿಂಗಳಲ್ಲಿ ಕಾಗದದ ಮೇಲೆ ಇರುವ ಆದಾಯವು ಮನೆಯಲ್ಲಿ ಇರುವುದಿಲ್ಲ.

ಈ ಕೊರತೆಗೆ ಪರಿಹಾರವೂ ಅದೇ ನಿಯಮಗಳಲ್ಲಿದೆ. ಸಾಲಗಾರನ ಅಗತ್ಯಕ್ಕೆ ತಕ್ಕಂತೆ ಕಂತಿನ ಅವಧಿಯನ್ನು ಹೊಂದಿಸಿಕೊಡುವ ನೀತಿಯು ಪ್ರತಿಯೊಂದು ಕಿರುಸಾಲ ಸಂಸ್ಥೆಗೂ ಇರಲೇಬೇಕು. ಸಾಲದ ಕಾಗದಗಳು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಬಡ್ಡಿ ಮತ್ತು ಶುಲ್ಕಗಳ ಒಟ್ಟು ದರವನ್ನು ಬರೆದ ಮಾಹಿತಿ ಪತ್ರವನ್ನು ಕೊಡಬೇಕು. ಅವಧಿಗೆ ಮುನ್ನ ಸಾಲ ತೀರಿಸಿದರೆ ದಂಡ ಹಾಕಬಾರದು. ಬೆಳಿಗ್ಗೆ 9ಕ್ಕೆ ಮುನ್ನ, ಸಂಜೆ 6ರ ಮೇಲೆ ವಸೂಲಿಗೆ ಕರೆಮಾಡಬಾರದು. ಆದುದರಿಂದ ಮುಂದಿನ ಮುಂಗಾರಿಗೆ ಮುನ್ನ ಈ ಮೂರು ತಾಲ್ಲೂಕುಗಳ ತಾಯಂದಿರಲ್ಲಿಯೂ ಅಕ್ಕತಂಗಿಯರಲ್ಲಿಯೂ ನನ್ನ ಪ್ರಾರ್ಥನೆ ಇಷ್ಟು: ರುಜು ಹಾಕುವ ಮುನ್ನ ಮಾಹಿತಿ ಪತ್ರವನ್ನು ಕನ್ನಡದಲ್ಲಿ ಕೇಳಿರಿ, ಓದಬಲ್ಲ ಮಗಳಿಂದ ಅದನ್ನು ಓದಿಸಿರಿ, ಬಿತ್ತನೆಯ ಸಾಲವಾದರೆ ಕಂತನ್ನು ರಾಶಿಯ ತಿಂಗಳಿಗೆ ಇಡಿರೆಂದು ಕೇಳಿರಿ, ಒಬ್ಬೊಬ್ಬರಾಗಿ ಅಲ್ಲ, ಗುಂಪಿನವರೆಲ್ಲ ಕೂಡಿ ಕೇಳಿರಿ. ಒಪ್ಪದವರ ಹಣವನ್ನು ಬಿತ್ತನೆಗೆ ತರಬೇಡಿರಿ.